ನಡೆಯಲು ಬಾರದ ಮಾವ

ನಮ್ಮ ಮಾವನಿಗೆ ನಡೆಯಲು ಬರುತ್ತಿರಲಿಲ್ಲ! ಅಯ್ಯೋ ಪಾಪ ಎನ್ನಬೇಡಿ, ಕಾಲೆರಡೂ ಗಟ್ಟಿಯಾಗಿಯೇ ಇದ್ದವು. ಓಡಲು ಮಾತ್ರ ಬರುತ್ತಿತ್ತು, ಅಷ್ಟೇ. ಉಪ್ಪು ತರಲೂ ಓಟ, ಹೆಣ್ಣು ನೋಡಲೂ ಓಟ. ಬೆವರು ಸುರಿಸುತ್ತ ಬಂದು ನಿಂತ ಗಂಡನ್ನು ಯಾರು ತಾನೇ ಒಪ್ಪುತ್ತಾರೆ?

ದೊಡ್ಡ ಓಟಗಾರರು ವಾರಕ್ಕೆ ನೂರು ಮೈಲಿ ಓಡುತ್ತಾರೆಂದು ಯಾವುದೋ ಪತ್ರಿಕೆಯಲ್ಲಿ ಓದಿದ್ದರಂತೆ. ಆ ವರ್ಷ ಕೋಳಿಕ್ಕೋಡಿನಲ್ಲಿ ರಾಜ್ಯ ತಂಡಕ್ಕೆ ಆಯ್ಕೆಯ ಓಟವಿತ್ತು. ಸರಿ, ಇವರಿಗೂ ವಾರಕ್ಕೆ ನೂರು ಆಗಲೇಬೇಕು! ಒಂದು ಮೈಲಿ ಕಡಿಮೆಯಾದರೂ ಊಟ ಸೇರುತ್ತಿರಲಿಲ್ಲ.

ಆದರೆ ಅದೆಂಥ ಕಾಲ! ತಿರುನೆಲ್ಲಿ ಕಾಡಿನಲ್ಲಿ ನಕ್ಸಲರು, ನಮ್ಮ ತೃಶ್ಶಿಲೇರಿ ದಾರಿಯಲ್ಲಿ ಪೊಲೀಸರು. ಬೆಳಗಿನ ಮಂಜಿನಲ್ಲಿ ಚಡ್ಡಿ ತೊಟ್ಟು ಓಡುವವನನ್ನು ಬಿಟ್ಟಾರೆಯೇ?

"ಎಂದಿನಾಡಾ ಓಡುನ್ನೆ?" ಯಾಕೋ ಓಡ್ತೀಯ ಎಂದು ಪೇದೆ ಮಲಯಾಳದಲ್ಲಿ ಗದರಿದ.

"ಸುಮ್ನೆ ಸಾರ್!"

ಸುಮ್ಮಸುಮ್ಮನೆ ಓಡುವವರೂ ಉಂಟೇ? ಠಾಣೆಗೆ ಕರೆದೊಯ್ದರು. ಮಾವ ಅಲ್ಲಿಯೂ ನಿಂತಲ್ಲೇ ಓಡಿದರಂತೆ. ನೋಡಿ ನೋಡಿ ತಲೆ ಸುತ್ತಿದ ಪೊಲೀಸರು, ಇನ್ನು ರಸ್ತೆಯಲ್ಲಿ ಓಡಕೂಡದೆಂದು ಹೇಳಿ ಸಂಜೆಗೆ ಬಿಟ್ಟರು.

ರಸ್ತೆ ಹೋದರೇನು, ಮನೆ ಮುಂದೆ ಕಣ ಇರಲಿಲ್ಲವೇ? ಮೇಟಿ ಕಂಬದ ಸುತ್ತ ಎತ್ತುಗಳು ಭತ್ತ ತುಳಿಯುತ್ತಿದ್ದವು. ಅವುಗಳ ಹೊರಸುತ್ತಿನಲ್ಲಿ ಮಾವನ ಓಟ ಶುರುವಾಯಿತು.

"ಹೆಂಗೂ ತಿರುಗ್ತೀಯಲ್ಲ, ಎತ್ತೂ ಹೊಡ್ಕೊಂಡು ತಿರುಗು!" ಎಂದಳು ಅಜ್ಜಿ.

ಆ ವರ್ಷ ಒಕ್ಕಣೆ ಬೇಗ ಮುಗಿಯಿತು. ಆಮೇಲೆ ಮಾವ ಖಾಲಿ ಕಣದಲ್ಲೇ ಸುತ್ತಿದರು. ಎತ್ತುಗಳು ಮಾತ್ರ ಅವರನ್ನು ಕಂಡರೆ ಕೊಟ್ಟಿಗೆಯ ಮೂಲೆ ಸೇರುತ್ತಿದ್ದವು.

ಆಯ್ಕೆಯ ಓಟಕ್ಕೆ ಎರಡೇ ವಾರ ಉಳಿದಿದ್ದಾಗ ಕಾಡಂಚಿನಲ್ಲಿ ಗುಂಡಿನ ಸದ್ದಾಯಿತೆಂದು ಸುದ್ದಿ ಬಂತು. ಅಮ್ಮ ನನ್ನ ಶಾಲೆ ಬಿಡಿಸಲು ಹೊರಟಳು. ಹತ್ತನೆಯ ತರಗತಿಯ ಪರೀಕ್ಷೆ ಎದುರಿಗೇ ಇತ್ತು. ನಾನು ಅತ್ತು ರಂಪ ಮಾಡಿದೆ.

"ಅಕ್ಕಾ, ನಾ ಕರ್ಕೊಂಡೋಗ್ತೀನಿ" ಎಂದರು ಮಾವ.

"ನೀ ಓಡ್ತೀಯ. ಹುಡ್ಗಿ ಹಿಂದೆ ಉಳೀತಾಳೆ."

"ಓಡಲ್ಲ."

ಓಡಲಿಲ್ಲ! ದಿನವೂ ಕಾಟಿಕುಳಂ ಶಾಲೆಯವರೆಗೆ ನನ್ನ ಪಕ್ಕದಲ್ಲೇ ನಡೆದರು. ಸಂಜೆಯ ಗಂಟೆ ಹೊಡೆಯುವ ತನಕ ಶಾಲೆಯ ಬೇಲಿಯಾಚೆ ಕಾದು ಕೂತರು, ಮತ್ತೆ ನಡೆಸಿಕೊಂಡು ಬಂದರು. ನಡೆದು ರೂಢಿಯಿಲ್ಲದೆ ಎಡವುತ್ತಿದ್ದರು ಬೇರೆ. ಮನೆ ಮುಟ್ಟುವಾಗ ಕತ್ತಲಾಗುತ್ತಿತ್ತು. ಕಣ ಖಾಲಿ ಬಿದ್ದಿರುತ್ತಿತ್ತು.

ಕೋಳಿಕ್ಕೋಡಿನಲ್ಲಿ ಮಾವ ಹಿಂದಿನಿಂದ ಮೂರನೆಯವರು. ನಾನು ಪರೀಕ್ಷೆ ಪಾಸಾದೆ. ಫಲಿತಾಂಶ ಬಂದ ದಿನ ಅವರ ಮುಖ ನೋಡಿ ನನಗೆ ಅಳುವೇ ಬಂತು.

"ನನ್ನಿಂದ ನಿಮ್ಮ ನೂರು ಮೈಲಿ ತಪ್ಪಿಹೋಯ್ತಲ್ಲ ಮಾವ."

"ಯಾರಂದ್ರು ತಪ್ತು ಅಂತ?" ಮಾವ ನಕ್ಕರು. "ನಿನ್ನ ಜತೆ ನಡೆದದ್ದೂ ಸೇರಿಸಿವ್ನಿ ಕಣೇ. ಸ್ವಲ್ಪ ನಿಧಾನ ಆಯ್ತು, ಅಷ್ಟೇ."