ತರಗಿಗೆ ಬೆಂಕಿ ಇಡಬೇಡಿ ಎಂದ ಮೇಲೆ

ಮಕ್ಕಳು ಪಾಠ ಕೇಳುವುದಿಲ್ಲ ಎಂದು ಕೊರಗುವ ಮೇಷ್ಟ್ರುಗಳು ಪುಣ್ಯವಂತರು. ಕೇಳಿಬಿಟ್ಟರೆ ಏನೇನಾಗುತ್ತದೆ ಎಂಬುದು ಬೆಸಗರಹಳ್ಳಿ ಕಡೆಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ನನಗೆ ಆಗಾಗ ಗೊತ್ತಾಗುತ್ತಿರುತ್ತದೆ.

ಪಾಠ ಕೇಳಿದವಳು

ಒಂಬತ್ತನೇ ತರಗತಿಗೆ ಹವಾಮಾನ ಬದಲಾವಣೆ ಹೇಳುತ್ತಿದ್ದೆ. ಧ್ರುವದ ಹಿಮ ಕರಗುತ್ತಿದೆ ಎಂದಾಗ ಆಕಳಿಸಿದರು. ಕಬ್ಬು ಕಡಿಯುವ ಮುನ್ನ ಅದರ ಒಣಗಿದ ಗರಿಗೆ, ಅಂದರೆ ತರಗಿಗೆ, ಬೆಂಕಿ ಇಡುವುದರಿಂದಲೂ ಭೂಮಿ ಬಿಸಿಯಾಗುತ್ತದೆ ಎಂದಾಗ ನೆಟ್ಟಗೆ ಕೂತರು. ಆ ಹುರುಪಿನಲ್ಲಿ, "ಯಾರೇ ಇಡಲು ಬಂದರೂ ತಡೆಯಿರಿ" ಎಂದುಬಿಟ್ಟೆ.

ಮರುದಿನ ಬೆಳಿಗ್ಗೆ ಶಾಲಾ ಸಮಿತಿಯ ಅಧ್ಯಕ್ಷರು ಬಂದರು.

"ಮೇಷ್ಟ್ರೇ, ನನ್ ಮೊಮ್ಮಗ್ಳು ಕಬ್ಬಿನ ಗದ್ದೇಲಿ ಕುಂತವ್ಳೆ. ಬೆಂಕಿ ಇಕ್ಕಾಕೆ ಬುಡಾಕಿಲ್ವಂತೆ. ಫ್ಯಾಕ್ಟ್ರಿ ಕಟಾವು ಆರ್ಡರ್ ಇವತ್ತಿಗೇ ಇರಾದು. ಇವತ್ತು ಕಬ್ಬು ಲಾರಿ ಅತ್ತಲಿಲ್ಲ ಅಂದ್ರೆ, ನಾಳೆ ನೀವು ಮಳವಳ್ಳಿ ಬಸ್ಸು ಅತ್ತೀರ."

ಬರೀ ಮಾತಲ್ಲ. ಹಿಂದಿನ ಗಣಿತದ ಮೇಷ್ಟ್ರು ವರ್ಗವಾಗಿ ಈಗ ಮಳವಳ್ಳಿ ಆಚೆಯೇ ಇದ್ದಾರೆ.

ಹೆಡ್ಮಾಸ್ಟರ ಮುಖ ನೋಡಿದೆ. "ಭೂಗೋಳದವರು ಬಿಸಿ ಮಾಡಿದ್ದನ್ನು ಭೂಗೋಳದವರೇ ತಣ್ಣಗೆ ಮಾಡಬೇಕು" ಎಂದರು.

ಬದುವಿನ ಮೇಲೆ

ಅಧ್ಯಕ್ಷರ ಜೊತೆ ಗದ್ದೆಗೆ ಹೋದಾಗ ಹುಡುಗಿ ಯೂನಿಫಾರಂನಲ್ಲೇ ಬದುವಿನ ಮೇಲೆ ಕೂತಿದ್ದಳು. ಕಬ್ಬು ಕಡಿಯುವವರು ನೆರಳಿನಲ್ಲಿ ಕಾಯುತ್ತಿದ್ದರು.

"ಏಳಮ್ಮ, ಸ್ಕೂಲಿಗೆ ಹೋಗೋಣ."

"ಬೆಂಕಿ ಇಕ್ಕಾಕಿಲ್ಲ ಅಂತ ತಾತ ಆಣೆ ಮಾಡ್ಲಿ, ಬತ್ತೀನಿ."

"ದೊಡ್ಡವರ ಮಾತು ಕೇಳಬೇಕಲ್ಲವೇ?"

"ಅದು ಕನ್ನಡ ಪಾಠ ಸಾರ್. ನಿಮ್ದು ಭೂಗೋಳ."

ನೆರಳಿನಲ್ಲಿದ್ದವರು ನಕ್ಕರು. ತಾತ ನಗಲಿಲ್ಲ, ಕಡ್ಡಿ ಗೀರಿದರು. ಗಾಳಿ ಕಬ್ಬಿನ ಕಡೆಗೇ ಬೀಸುತ್ತಿತ್ತು. "ಏಳ್ತೀಯೋ ಇಲ್ವೋ?" ಹುಡುಗಿ ಅಲ್ಲಾಡಲಿಲ್ಲ. ಕಡ್ಡಿ ಉರಿದು ಬೆರಳು ಮುಟ್ಟಿದಾಗ ತಾತ ಅದನ್ನು ಬಿಸಾಕಿ ತುಳಿದರು.

"ನನ್ ಮಾತು ಯಾವತ್ತಾದ್ರೂ ಇಂಗೆ ಕೇಳಿದ್ಯಾ?" ಎಂದು ಅವಳನ್ನು ಕೇಳಿ, ಉತ್ತರ ನಾನೇ ಕೊಡಬೇಕೆಂಬಂತೆ ನನ್ನನ್ನು ದುರುಗುಟ್ಟಿ ನೋಡಿದರು.

ಹಾವಿನ ಮಾತು

ಬೆಂಕಿ ಇಲ್ಲದೆಯೇ ಕಡಿಯಿರಿ ಎಂದು ಕೂಲಿಯವರ ಗುಂಪಿನ ಮುಂದಾಳು ಹೆಂಗಸನ್ನು ಬೇಡಿಕೊಂಡೆ.

"ಒಳ್ಗೆ ಆವು ಅವೆ ಸಾಮಿ. ಬೆಂಕಿ ಇಕ್ಕಿದ್ರೆ ಓಡೋಯ್ತವೆ. ಬ್ಯಾಡ ಅಂದ್ರೆ ಯಾರಾದ್ರೂ ಸದ್ದು ಮಾಡ್ಕೊಂಡು ಮುಂದೆ ಓಗ್ಲಿ, ನಾವು ಇಂದೆ ಬತ್ತೀವಿ."

ಎಲ್ಲರೂ ನನ್ನನ್ನೇ ನೋಡಿದರು. ಕೋಲು ಹಿಡಿದು ನುಗ್ಗಿದೆ. ತರಗು ಬಡಿಯುತ್ತಾ, ಬೇರೇನೂ ತೋಚದೆ ವಾಯುಮಂಡಲದ ಪದರಗಳನ್ನು ಕೂಗುತ್ತಾ ಹೋದೆ. ಗರಿ ಮುಖ ಕೊಯ್ದಿತು. ಪಕ್ಕದಲ್ಲೇ ಏನೋ ಸರಸರ ಎಂದಿತು; ಮೂರನೇ ಪದರದ ಹೆಸರು ಮರೆತುಹೋಯಿತು. "ಇನ್ನೂ ಜೋರಾಗಿ ಮೇಷ್ಟ್ರೇ!" ಎಂದು ಹಿಂದಿನಿಂದ ಕೂಗು.

ಸಂಜೆಗೆ ಲಾರಿ ತುಂಬಿತು. ಒಂದು ಹಾವೂ ಎದುರಾಗಲಿಲ್ಲ. ನಾನು ಪಾಠ ಶುರು ಮಾಡಿದರೆ ಎದ್ದು ಹೋಗುವವರು ಮೊದಲಿನಿಂದಲೂ ಇದ್ದಾರೆ.

ಊರಿನ ತೀರ್ಮಾನ

ಮರುದಿನ ಶಾಲೆಯ ಗೇಟಿನಲ್ಲಿ ರೈತರ ಗುಂಪು. ಮಳವಳ್ಳಿ ಬಸ್ಸು ಎಷ್ಟು ಗಂಟೆಗೆ ಎಂದು ನೆನಪು ಮಾಡಿಕೊಂಡೆ. ಅಧ್ಯಕ್ಷರೇ ಮುಂದೆ ನಿಂತಿದ್ದರು.

"ಮೇಷ್ಟ್ರೇ, ಇನ್ಮೇಲೆ ನಮ್ಮೂರಾಗೆ ಯಾರೂ ತರಗಿಗೆ ಬೆಂಕಿ ಇಕ್ಕಾಕಿಲ್ಲ."

ಇಷ್ಟು ವರ್ಷದ ಸರ್ವಿಸ್ ಸಾರ್ಥಕವಾಯಿತು ಎನಿಸಿ ಕೈ ಮುಗಿದೆ.

"ಕೈ ಮುಗ್ಯಾದು ಇರ್ಲಿ. ಯಾರ್ ಗದ್ದೆಗೆ ಯಾವತ್ತು ಬತ್ತೀರ, ಅದು ಯೋಳಿ."

ಅವರ ಹಿಂದಿನಿಂದ ಮೊಮ್ಮಗಳು ಇಣುಕಿದಳು.

"ಮಂಗ್ಳವಾರ ಮಧ್ಯಾನ ನಿಮ್ಗೆ ಪೀರಿಯಡ್ ಇಲ್ಲ ಅಂತ ನಾನೇ ಯೋಳಿವ್ನಿ ಸಾರ್."