ಕೋಟೆಯ ಬಾಗಿಲು ತೆರೆಸಬೇಕೆಂದು ಕಾದಂಬರಿಕಾರರಲ್ಲಿ ಅರಿಕೆ

ಭಾಲ್ಕಿ, ೧೯೪೯

ವಿಲಾಯತಿಯ ಮಾನ್ಯ ಕಾದಂಬರಿಕಾರ ಮಹಾಶಯರೇ,

ಭಾಲ್ಕಿಯ ಬಡ ಓದುಗನ ಅನಂತ ಶರಣುಗಳು. ಮಧ್ಯಯುಗದ ಯುರೋಪಿನ ಮುತ್ತಿಗೆಯೊಂದನ್ನು ಕುರಿತ ತಮ್ಮ ಘನವಾದ ಕಾದಂಬರಿಯನ್ನು ಈಗಷ್ಟೇ ಎರಡನೆಯ ಸಲ ಓದಿ ಮುಗಿಸಿದ್ದೇನೆ. ಊರಿನ ರೊಟ್ಟಿಯಲ್ಲಿ ಹೊಟ್ಟು ಹೇಗೆ ಹೆಚ್ಚುತ್ತ ಹೋಯಿತೆಂಬುದಕ್ಕೇ ಒಂದು ಅಧ್ಯಾಯ ಮೀಸಲಿಟ್ಟ ತಮ್ಮ ಶ್ರದ್ಧೆಗೆ ತಲೆಬಾಗಿದ್ದೇನೆ. ಬಿಷಪ್ಪರ ಕುದುರೆಯ ಲಾಳದ ಮೊಳೆಗಳನ್ನೂ ತಾವು ಬಿಟ್ಟಿಲ್ಲ.

ದೂರು ಇಷ್ಟೇ. ಕಳೆದ ವರ್ಷ ನಿಜಾಮರ ಸರಕಾರ ಹೊರಗಿನ ಪತ್ರಿಕೆಗಳನ್ನು ತಡೆದಿದ್ದಾಗ, ಹೆಂಡತಿ ಶಿವಕಾಂತಾಳ ಬೇಸರ ಕಳೆಯಲೆಂದು ಈ ಪುಸ್ತಕವನ್ನು ಕನ್ನಡ ಮಾಡುತ್ತ ಗಟ್ಟಿಯಾಗಿ ಓದುತ್ತಿದ್ದೆ. ತಮ್ಮ ನದಿಯ ಹೆಸರು ನನ್ನ ನಾಲಿಗೆಗೆ ಹೊರಳದ ಕಾರಣ, ಅನುಕೂಲಕ್ಕೆ ನಮ್ಮ ಮಾಂಜ್ರಾ ಎಂದೇ ಓದಿದೆ. ಒಳಗೆ ಬೇಳೆ ಹಸನು ಮಾಡುತ್ತಿದ್ದ ನನ್ನ ಸೋದರತ್ತೆ ರುಕ್ಮಿಣಿಬಾಯಿ, ನಾನು ಕದ್ದು ತಂದ ಪತ್ರಿಕೆ ಓದುತ್ತಿದ್ದೇನೆಂದು ತಿಳಿದು, ತಮ್ಮ ಪುಸ್ತಕದ ಫೌಜು ಮಾಂಜ್ರಾ ದಾಟುವಷ್ಟರಲ್ಲಿ ಗಂಟು ಕಟ್ಟಿ ಗಡಿಯಾಚೆಯ ಸೊಲ್ಲಾಪುರದ ಮಗಳ ಮನೆ ಸೇರಿಬಿಟ್ಟರು. ಸೆಪ್ಟೆಂಬರಿನಲ್ಲಿ ಭಾರತದ ಫೌಜು ನಿಜವಾಗಿಯೂ ಬಂತು. ಆ ಗದ್ದಲದಲ್ಲಿ ತಾವು ಬರೆದಂತೆಯೇ ಮನೆಗಳೂ ಉರಿದವು. ನಾನು ಓದಿದ್ದು ಪತ್ರಿಕೆಯಲ್ಲ, ಕಾದಂಬರಿಯೆಂದು ಆಮೇಲೆ ತಿಳಿಸಿದರೂ, ಅಂದಿನಿಂದ ಅತ್ತೆಗೆ ನನಗಿಂತ ತಮ್ಮ ಮೇಲೇ ನಂಬಿಕೆ ಹೆಚ್ಚು.

ಪೊಲೀಸ್ ಕಾರ್ಯಾಚರಣೆ ಮುಗಿಯಿತು, ಮನೆಗೆ ಬನ್ನಿ ಎಂದು ಕರೆಯಲು ಹೋದರೆ, “ಬುಕ್ಕಿನಾಗ ಕೋಟಿ ಬಾಗಲಾ ತೆರದಾರೇನಪಾ?” ಎಂದು ಕೇಳಿದರು. ತಾವೋ ಬಾಗಿಲು ಮುಚ್ಚಿಯೇ ಕತೆ ಮುಗಿಸಿದ್ದೀರಿ. ಎಲ್ಲಾದರೂ ಒಂದು ಸಾಲು ಕಣ್ತಪ್ಪಿರಬಹುದೆಂದು ಪೂರ್ತಿ ಮರಳಿ ಓದಿದೆ. ಮೊಳೆಗಳು ಮಾತ್ರ ಮತ್ತೆ ಸಿಕ್ಕವು. ಅತ್ತೆಯಿಲ್ಲದ ಅಡುಗೆಮನೆ ಬಿಕೋ ಎನ್ನುತ್ತದೆ, ಶಿವಕಾಂತಾ ನನ್ನೊಡನೆ ನೆಟ್ಟಗೆ ಮಾತಾಡುವುದಿಲ್ಲ.

ಆದ್ದರಿಂದ ಮುಂದಿನ ಮುದ್ರಣದಲ್ಲಿ ಬಿಷಪ್ಪರ ಔತಣದ ಒಂದೆರಡು ಖಾದ್ಯಗಳನ್ನು ಕಡಿಮೆ ಮಾಡಿ, ಆ ಜಾಗದಲ್ಲಿ ಬಾಗಿಲು ತೆರೆಸಿಕೊಡಬೇಕಾಗಿ ವಿನಂತಿ. ಕಾವಲುಗಾರನ ಮೂಗಿನ ಮೇಲಿನ ನರಹುಲಿಯನ್ನೂ ಬಲ್ಲ ತಮಗೆ ಕೀಲಿ ಎಲ್ಲಿದೆಯೆಂದು ತಿಳಿಯದೇ ಇರಲಾರದು.

ತಮ್ಮ ನದಿಗೆ ಮರುನಾಮಕರಣ ಮಾಡಿದ ವಿಶ್ವಾಸಿ,
ಮನ್ಮಥಪ್ಪ

ತಾ.ಕ.: ಪತ್ರ ಬರೆದಿಟ್ಟ ಮೇಲೆ ತಮ್ಮ ಮರುಮುದ್ರಣಕ್ಕೆ ಕಾಯಲಾರದೆ, ಮೊನ್ನೆ ಸೊಲ್ಲಾಪುರಕ್ಕೆ ಹೋಗಿ, ಬಾಗಿಲು ತೆರೆದು ಎಲ್ಲರೂ ಮನೆಗೆ ಮರಳಿದರೆಂದು ನಾನೇ ಒಂದು ಪುಟ ಕಟ್ಟಿ ಅತ್ತೆಗೆ ಓದಿದೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿ, ನಮ್ಮ ಪಕ್ಕದ ಮನೆಯಿಂದ ಸೆಪ್ಟೆಂಬರಿನ ಗದ್ದಲದಲ್ಲಿ ಊರು ಬಿಟ್ಟು ಹೋದ ಗೆಳತಿ ವಜೀರಬೀ ಮರಳಿದಳೇ ಎಂದು ಕೇಳಿದರು. ಇಲ್ಲ ಎಂದೆ. “ಹಂಗಿದ್ರ ನೀ ಓದಿದ್ದು ಸುಳ್ಳದ. ಬುಕ್ ಬರದಾಂವನೇ ಖರೇ ಬರದಾನ,” ಎಂದರು. ತಮಗೆ ಅಭಿನಂದನೆಗಳು.