ಸೋದರಮಾವನ ಅರ್ಹತಾ ಸುತ್ತು

ನನಗೆ ಕೂಡಿ ಬಂದಿದ್ದ ಸಂಬಂಧವೊಂದನ್ನು ಮುರಿದದ್ದು ಜಾತಕವಲ್ಲ, ವರದಕ್ಷಿಣೆಯಲ್ಲ, ಹುಡುಗನ ದುಶ್ಚಟವೂ ಅಲ್ಲ. ಯುರೋಪಿನ ಫುಟ್‌ಬಾಲ್ ನಿಯಮ! ನಂಬುವುದಿಲ್ಲವೇ? ಹಾಗಾದರೆ ನಿಮಗೆ ನನ್ನ ಸೋದರಮಾವ ಗೊತ್ತಿಲ್ಲ.

ಮಾವ ಕಿಕ್ಕೇರಿಯವನು. ಎರಡು ಸೀಮೆಹಸು, ಒಂದಿಷ್ಟು ಕಬ್ಬು, ಬಾಯಿ ತುಂಬ ಮಾತು. ಹುಟ್ಟಿದಾಗಿನಿಂದ ಚೆಂಡು ಒದ್ದವನಲ್ಲ. ಒಮ್ಮೆ ಬೀದಿಯ ಮಕ್ಕಳ ಚೆಂಡು ಉರುಳಿಕೊಂಡು ಕಾಲಿಗೇ ಬಂದರೂ ಬಗ್ಗಿ ಕೈಯಲ್ಲೇ ಎತ್ತಿಕೊಂಡು, "ಯಾರ್ದುಲಾ ಇದು" ಎಂದು ಕೇಳಿದ ಮಹಾನುಭಾವ. ಇಂಥವನ ಕೈಗೆ ಯಾರೋ ಪುಣ್ಯಾತ್ಮರು ಸ್ಮಾರ್ಟ್‌ಫೋನು ಕೊಡಿಸಿದರು. ಅದರಲ್ಲಿ ಅವನಿಗೆ ಫುಟ್‌ಬಾಲ್ ಸಿಕ್ಕಿತು.

ಸಿಕ್ಕಿದ್ದಾದರೂ ಯಾವುದು? ಲೋಕವೆಲ್ಲ ನೋಡುವ ಫೈನಲ್ಲು ಗೀನಲ್ಲು ಅಲ್ಲ. ಯುರೋಪಿನ ಕ್ಲಬ್ಬುಗಳ ದೊಡ್ಡ ಕಪ್ಪಿದೆಯಲ್ಲ, ಅದರ ಅರ್ಹತಾ ಸುತ್ತು. ಆಷಾಢದಲ್ಲಿ ನಮ್ಮಲ್ಲಿ ಶುಭಕಾರ್ಯವಿಲ್ಲದೆ ಜನ ಆಕಳಿಸುತ್ತಿರುವಾಗ, ಅಲ್ಲಿ ಹೆಸರೇ ಕೇಳದ ಪುಟ್ಟ ದೇಶಗಳ ತಂಡಗಳು ಒಳಗೆ ಬರಲು ಗುದ್ದಾಡುತ್ತಿರುತ್ತವೆ. ಮಾವ ನೋಡುವುದು ಅಷ್ಟನ್ನೇ. ರಾತ್ರಿಯ ಆಟವನ್ನು ಬೆಳಗ್ಗೆ ಹಾಲು ಕರೆಯುತ್ತ, ಕೊಟ್ಟಿಗೆಯ ಕಂಬಕ್ಕೆ ಫೋನು ಸಿಕ್ಕಿಸಿಕೊಂಡು ನೋಡುತ್ತಾನೆ. ಶ್ರಾವಣ ಕಳೆದು ದೊಡ್ಡ ದೊಡ್ಡ ತಂಡಗಳು ಕಣಕ್ಕಿಳಿಯುವ ಹೊತ್ತಿಗೆ ಸರಿಯಾಗಿ ನೋಡುವುದನ್ನು ನಿಲ್ಲಿಸಿಬಿಡುತ್ತಾನೆ. "ಒಟ್ಟೆ ತುಂಬಿದೋರು ಉಣ್ಣಾದ್ನ ಏನ್ ನೋಡದು ಬುಡು" ಎನ್ನುತ್ತಾನೆ.

ಈ ಹುಚ್ಚಿಗೆ ಮೂಲ ಒಂದು ಸಿಟ್ಟು. ಸಣ್ಣ ದೇಶದ ತಂಡ ತನ್ನ ದೇಶದಲ್ಲಿ ಎಲ್ಲರನ್ನೂ ಸೋಲಿಸಿ ಚಾಂಪಿಯನ್ ಆಗಿದ್ದರೂ ನಾಲ್ಕು ನಾಲ್ಕು ಸುತ್ತು ಆಡಿ ತನ್ನ ಯೋಗ್ಯತೆ ತೋರಿಸಬೇಕಂತೆ. ಸಿರಿವಂತ ದೇಶದಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂದವನಿಗೂ ನೇರ ಪ್ರವೇಶವಂತೆ. ಇದು ತಿಳಿದ ದಿನ ಮಾವ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋದವನು ಸಾಲಿನಲ್ಲಿ ನಿಂತೇ ಗುಡುಗಿದನಂತೆ.

"ಗೆದ್ದೋನು ಬಾಗ್ಲಲ್ಲಿ ನಿಂತ್ಕಬೇಕು, ನಾಕನೆಯೋನು ಒಳಗೆ ಕುಂತಿರಬೇಕು. ಇದ್ಯಾವ ನ್ಯಾಯ ಕಣ್ರಲಾ."

ಡೈರಿಯ ಕಾರ್ಯದರ್ಶಿ ಗಾಬರಿಯಿಂದ, "ಯಾರಿಗಣ್ಣ ಅನ್ಯಾಯ ಆಗಿರಾದು, ನಮ್ಮೂರೋರಿಗಾ?" ಎಂದು ಕೇಳಿದ.

"ಅಲ್ಲ. ಒಂದು ದ್ವೀಪದೋರಿಗೆ. ಪಾಪ, ಗೋಲು ಕಾಯೋನು ಮೀನು ಇಡಿಯೋನಂತೆ, ಬ್ಯಾಕಲ್ಲಿ ಆಡೋನು ಮೇಷ್ಟ್ರಂತೆ."

ಆವತ್ತಿನಿಂದ ಆಷಾಢದಲ್ಲಿ ಮಾವನ ಹಾಲನ್ನು ಸಾಲು ತಪ್ಪಿಸಿ ಮೊದಲೇ ಅಳೆದು ಕಳಿಸಿಬಿಡುತ್ತಾರೆ. ಅವನೊಬ್ಬನಿಗೆ ಅಲ್ಲಿ ನೇರ ಪ್ರವೇಶ.

ಆಮೇಲೆ ಇನ್ನೊಂದು ಅನಾಹುತವಾಯಿತು. ಈ ಸುತ್ತುಗಳಲ್ಲಿ ಒಮ್ಮೆ ಅವರು ಇವರ ಊರಿಗೆ, ಇನ್ನೊಮ್ಮೆ ಇವರು ಅವರ ಊರಿಗೆ ಹೋಗಿ ಆಡಬೇಕು. "ಬೀಗ್ರು ಬಂದು ಓದಂಗೆ" ಎಂದು ಮಾವನಿಗೆ ಅದು ಬಹಳ ಹಿಡಿಸಿತ್ತು. ಹಿಂದೆ ಒಟ್ಟು ಗೋಲು ಸಮನಾದರೆ ಪರರ ಊರಲ್ಲಿ ಹೊಡೆದ ಗೋಲಿಗೆ ಬೆಲೆ ಹೆಚ್ಚಿತ್ತು. ಆ ನಿಯಮವನ್ನು ತೆಗೆದುಹಾಕಿದರು. ಮಾವ ಆ ದಿನ ಮುದ್ದೆ ಮುಟ್ಟಲಿಲ್ಲ.

"ಮುದ್ದೆ ಏನ್ ತಪ್ಪು ಮಾಡಿತ್ತು?" ಎಂದಳು ಅತ್ತೆ.

"ನಿಂಗೇನ್ ಗೊತ್ತು. ಬ್ಯಾರೆಯೋರ ಊರಿಗೋಗಿ, ಅವ್ರ ಕೈಲಿ ಬೈಸ್ಕಂಡು ಒಂದು ಗೋಲು ಒಡೆಯಾದು ಅಂದ್ರೆ ಸುಮ್ಕೆನಾ?"

"ನಮ್ಮ ತವರಿಗೆ ಬಂದಾಗೆಲ್ಲ ನೀವು ಒಡ್ದಿರಾದು ಬರೀ ನಿದ್ದೆಯ" ಎಂದು ಅತ್ತೆ ತಟ್ಟೆ ಎತ್ತಿದಳು. ಅವಳ ತವರು ಪಾಂಡವಪುರದ ಕಡೆ. ಅಲ್ಲಿಯವರಿಗೆ ಮಾವನ ಗೊರಕೆ ಚೆನ್ನಾಗಿ ಗೊತ್ತು.

ಇಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಿರುತ್ತಿದ್ದೆ. ಆದರೆ ಕಳೆದ ಶ್ರಾವಣದಲ್ಲಿ ನಾಗಮಂಗಲದಿಂದ ನನಗೆ ಆ ಸಂಬಂಧ ಬಂತು. ನಮ್ಮದು ಸಂತೆಬಾಚಹಳ್ಳಿ. ನಾನು ಕೆ.ಆರ್. ಪೇಟೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಹುಡುಗ ಕೆಟ್ಟವನಲ್ಲ. ನನಗೆ ಮೆಚ್ಚುಗೆಯೇ ಆಗಿದ್ದ, ಸುಳ್ಳೇಕೆ ಹೇಳಲಿ? ಈ ಮದುವೆ ನಡೆಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಿದ್ದೆ.

ಮೊದಲು ಹುಡುಗ, ಅವನ ತಂದೆತಾಯಿ ಬಂದರು. ಕಾಫಿ ಕೊಟ್ಟೆ. ಒಪ್ಪಿಗೆ ಎಂದರು. ವಾರ ಕಳೆಯುವುದರೊಳಗೆ, ಅಕ್ಕ ಭಾವ ನೋಡಿಲ್ಲವಂತೆ ಎಂದು ಮತ್ತೆ ಬಂದರು. ಮತ್ತೆ ಉಪ್ಪಿಟ್ಟು, ಮತ್ತೆ ಕೇಸರಿಬಾತು, ಮತ್ತೆ ಅದೇ ರೇಷ್ಮೆ ಸೀರೆ. ಆಮೇಲೆ ಶ್ರೀರಂಗಪಟ್ಟಣದಲ್ಲಿರುವ ಹುಡುಗನ ಸೋದರತ್ತೆ ನೋಡಬೇಕೆಂದರು. ಆಕೆ ಒಂದು ಕಾರು ತುಂಬ ಜನರನ್ನು ಕರೆತಂದು, ನನ್ನನ್ನು ಬಾಗಿಲಿನವರೆಗೆ ನಡೆಸಿ, ವಾಪಸು ನಡೆಸಿ ನೋಡಿದರು. ಹಸು ಕೊಳ್ಳುವವರಾದರೂ ಹಲ್ಲು ನೋಡಿ ಒಂದು ಮಾತು ಹೇಳಿ ಹೋಗುತ್ತಾರೆ. ಆಕೆ ಅದನ್ನೂ ಹೇಳಲಿಲ್ಲ! ಮೂರು ಸಲವೂ ಮಾವ ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ಮೂರನೆಯ ಸಲ ಅವನು ಕೇಸರಿಬಾತು ತಿನ್ನಲಿಲ್ಲ. ಸಕ್ಕರೆ ಕಾಯಿಲೆಯಿರಬೇಕು ಎಂದುಕೊಂಡೆವು.

ಕೊನೆಗೆ, ಹುಡುಗನ ಮನೆ ನೋಡಲು ಬನ್ನಿ ಎಂದು ಕರೆ ಬಂತು. ಹೆಣ್ಣಿನ ಕಡೆಯ ಹಿರಿಯರು ಹೋಗಿ ಮನೆ ನೋಡಿ, ಉಂಡು, ಮಾತು ಮುಗಿಸಿ ಬರುವುದು ಪದ್ಧತಿ. ಹುಡುಗಿ ಹೋಗುವ ಹಾಗಿಲ್ಲ. ಅಪ್ಪ, ಮಾವ, ಇನ್ನಿಬ್ಬರು ಹಿರಿಯರು ಹೊರಟರು. ಅಮ್ಮ ತನ್ನ ತಮ್ಮನ ಕೈ ಹಿಡಿದು, "ಅಲ್ಲಿ ಫುಟ್‌ಬಾಲ್ ಮಾತೇನಾದ್ರೂ ಎತ್ತೀಯ, ನನ್ನಾಣೆ ಕಣಪ್ಪ" ಎಂದು ಆಣೆ ಇಟ್ಟಳು. ಮಾವ ತಲೆಯಾಡಿಸಿದ.

ನಡೆದದ್ದನ್ನು ಸಂಜೆ ಅಪ್ಪ ಹೇಳಿದರು. ಹೇಳಿದರು ಅನ್ನುವುದಕ್ಕಿಂತ ಕೂಗಾಡಿದರು ಎನ್ನುವುದೇ ಸರಿ. ಮನೆ ಚೆನ್ನಾಗಿತ್ತಂತೆ. ಎಲೆ ಹಾಕಿ, ಒಬ್ಬಟ್ಟು ಬಡಿಸಿದ್ದರಂತೆ. ಅಷ್ಟರಲ್ಲಿ ಹುಡುಗನ ತಂದೆ, "ಎಲ್ಲಾ ಒಪ್ಗೆನೇ ಕಣ್ರಪ್ಪ. ಉಡುಗನ ದೊಡ್ಡಪ್ಪ ಒಬ್ರು ನೋಡಿಲ್ಲ. ಅವ್ರೊಂದ್ಸಲ ಬಂದು ನೋಡ್ಕಂಡು ಓಗ್ಲಿ, ಆಮೇಕೆ ಮಾತಾಡನ" ಎಂದರಂತೆ.

ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ಮಾವ ಕೈ ಅಡ್ಡ ಹಿಡಿದನಂತೆ.

"ದೊಡ್ಡಪ್ಪ ಬಂದ್ಮೇಕೆ ಇನ್ಯಾರು ಬತ್ತಾರೆ?"

"ಅಂಗಲ್ಲ, ಮನೆ ಇರೀಕ್ರು..."

"ನಮ್ಮ ಉಡ್ಗಿ ಎಂಎಸ್ಸಿ ಓದವ್ಳೆ, ದುಡೀತಾವ್ಳೆ. ನಮ್ ವಂಶದಲ್ಲಿ ಅವ್ಳೇ ಚಾಂಪಿಯನ್ನು. ಮೂರು ಸುತ್ತು ಆಡ್ಸಿದ್ರಿ, ಆಡಿದ್ಲು. ನಿಮ್ಮ ಉಡುಗ ಎಷ್ಟು ಸುತ್ತು ಆಡವ್ನೆ, ಏಳಿ ನೋಡನ. ನಮ್ಮೋರು ಯಾರಾದ್ರೂ ಅವನ್ನ ನಡೆಸಿ ನೋಡಿದ್ರಾ?"

ಮಾವ ಎಲೆ ಮಡಚದೆ, ಕೈ ಮುಗಿದು, "ನಮ್ಮ ಉಡ್ಗಿ ಇನ್ನು ಆಡಕಿಲ್ಲ" ಎಂದು ಎದ್ದು ಬಂದನಂತೆ. ಎದ್ದವನ ಹಿಂದೆ ಉಳಿದವರೂ ಏಳಲೇಬೇಕಾಯಿತು. ಅಪ್ಪನಿಗೆ ಸಂಬಂಧ ಹೋದ ಸಿಟ್ಟು, ಹಸಿದ ಸಿಟ್ಟು, ಎರಡೂ ಸೇರಿ ಮನೆಯಲ್ಲಿ ನಿಲ್ಲಲಾಗದಂತಾಯಿತು. ಅಮ್ಮ ತನ್ನ ತಮ್ಮನಿಗೆ ಹುಟ್ಟಿದಾಗಿನಿಂದ ಬೈಯದೆ ಉಳಿಸಿಕೊಂಡಿದ್ದನ್ನೆಲ್ಲ ಒಂದೇ ಸಂಜೆ ಬೈದು ಮುಗಿಸಿದಳು.

ನಾನು? ನನ್ನ ಸಿಟ್ಟಿಗೆ ಬೈಗುಳ ಸಾಲಲಿಲ್ಲ. ಯಾವುದೋ ದ್ವೀಪದ ಮೇಷ್ಟ್ರಿಗೆ ಆದ ಅನ್ಯಾಯಕ್ಕೆ ನನ್ನ ಮದುವೆ ಬಲಿಯಾಗಬೇಕೇ? ಬೆಳಗ್ಗೆ ಮೊದಲ ಬಸ್ಸು ಹಿಡಿದು ಕಿಕ್ಕೇರಿಗೆ ಹೋದೆ. ಮಾವ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ. ಕಂಬದಲ್ಲಿ ಫೋನಿರಲಿಲ್ಲ. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಅಂದೆ. ನಿನಗೆ ನಿನ್ನ ಆಟವೇ ಹೆಚ್ಚಾಯಿತು, ನನ್ನ ಬದುಕಲ್ಲ ಎಂದೆ. ಮಾವ ಹಸುವಿನ ಪಕ್ಕೆಗೆ ತಲೆ ಆನಿಸಿಕೊಂಡು, ತಿರುಗದೆ, ಪೂರ್ತಿ ಕೇಳಿಸಿಕೊಂಡ.

"ಆಟ ಅಲ್ಲ ಕಣವ್ವ" ಎಂದ ಆಮೇಲೆ. "ಮೊದಲ್ನೇ ಸಲ ನೀನು ನಗ್ತಾ ಕಾಫಿ ತಂದೆ. ಎರಡ್ನೇ ಸಲ ನೆಲ ನೋಡ್ಕಂಡು ತಂದೆ. ಮೂರ್ನೇ ಸಲ ತಟ್ಟೆ ಮ್ಯಾಲೆ ಲೋಟ ಗಡಗಡ ಅಂತಿದ್ದೋ. ಕಾಲೇಜ್ನಲ್ಲಿ ಅಷ್ಟು ಮಕ್ಕಳ ಮುಂದೆ ನಿಂತು ಪಾಠ ಏಳೋಳು ನೀನು. ಆ ಸದ್ದು ನನ್ ಕಿವಿಯಿಂದ ಓಗ್ತಿಲ್ಲ. ನಾಕನೇ ಸಲಕ್ಕೆ ನಿನ್ನ ಎಂಗವ್ವ ಕಳ್ಸಾದು?"

ಆ ಸದ್ದನ್ನು ಅಪ್ಪ ಕೇಳಿಸಿಕೊಂಡಿರಲಿಲ್ಲ, ಅಮ್ಮ ಕೇಳಿಸಿಕೊಂಡಿರಲಿಲ್ಲ. ಕೈ ನಡುಗಿದ್ದು ನನ್ನದೇ ಆದರೂ ನಾನೂ ಅದನ್ನು ಕೇಳಿಸಿಕೊಂಡಿರಲಿಲ್ಲ. ನನ್ನ ಮನೆಯವರೆಲ್ಲ ಬಂದವರ ಮುಖ ನೋಡುತ್ತಿದ್ದಾಗ ಒಬ್ಬನೇ ಒಬ್ಬ ಮೂಲೆಯಲ್ಲಿ ಕೂತು ನನ್ನನ್ನು ನೋಡುತ್ತಿದ್ದ. ಕೊಟ್ಟಿಗೆಯ ಹೊಸ್ತಿಲ ಮೇಲೆ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ.

ಮಾವನಿಗೆ ಅಳುವವರನ್ನು ಸಮಾಧಾನ ಮಾಡಿ ಗೊತ್ತಿಲ್ಲ. ಎದ್ದು ಬಂದು, ಹೆಗಲ ಮೇಲಿನ ಟವಲನ್ನು ಎರಡು ಸಲ ಕೊಡವಿ ನನ್ನ ಕೈಗೆ ಕೊಟ್ಟು, ಮತ್ತೆ ಹೋಗಿ ಹಾಲು ಕರೆಯಲು ಕೂತ. ಟವಲು ಸಗಣಿ, ಹಿಂಡಿ, ಹಾಲು ಎಲ್ಲವೂ ಸೇರಿದ ವಾಸನೆ ಹೊಡೆಯುತ್ತಿತ್ತು. ಅದರಲ್ಲೇ ಮುಖ ಒರೆಸಿಕೊಂಡು ಕಾಲೇಜಿಗೆ ಹೋದೆ.